ಕಡಲೆಗೆ ಬೇವಿನ ಬೀಜದ ಕಷಾಯ: ನನ್ನ ಅನುಭವ

ಬೇವಿನ ಕಷಾಯ ಹೊಡೆದ ಮರುದಿನ ಹೊಲದಲ್ಲಿ ಸತ್ತ ಹುಳ ಹುಡುಕಬೇಡಿ, ಸಿಗುವುದಿಲ್ಲ. ಗದಗ ಸೀಮೆಯ ನಮ್ಮ ಎರೆಹೊಲದಲ್ಲಿ ಹಿಂಗಾರಿ ಕಡಲೆಗೆ ನಾನು ಹೊಡೆಯುವುದು ಇದನ್ನೇ. ಬದುವಿನ ಆಚೆಯ ಕಾಕಾ ಪ್ರತಿ ವರ್ಷ ಕೇಳುತ್ತಾರೆ: "ಹುಳ ಇನ್ನೂ ಹರದಾಡಾಕತ್ತಾವಲ್ಲೋ ತಮ್ಮಾ, ಎಂಥಾ ಎಣ್ಣಿ ಹೊಡದಿ?"

"ಹರದಾಡ್ಲಿ ಬಿಡ್ರಿ ಕಾಕಾ, ತಿನ್ನಾಕತ್ತಾವೇನು ನೋಡ್ರಿ."

ನೋಡಬೇಕಾದದ್ದು ಅದೇ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಮೊದಲು ಹುಳದ ಬಾಯಿ ಕಟ್ಟುತ್ತದೆ. ಆಮೇಲೆ, ತಿಂದಷ್ಟರಲ್ಲೇ ಪೊರೆ ಬಿಡಿಸುವ ಹಾರ್ಮೋನನ್ನು ಕೆಡಿಸುತ್ತದೆ. ಕಾಯಿಕೊರಕ ದೊಡ್ಡದಾಗಲು ನಾಲ್ಕೈದು ಸಲ ಪೊರೆ ಕಳಚಲೇಬೇಕು. ಕೆಲವು ದಿನ ಬಿಟ್ಟು ಗಿಡ ಬಗ್ಗಿಸಿ ನೋಡಿದರೆ, ಹಳೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಕಪ್ಪಾಗಿ ಮುದುಡಿದ ಮರಿಹುಳ ಕಾಣುತ್ತವೆ. ಪೈರೆಥ್ರಮ್ ಸೇವಂತಿಗೆಯ ರಸದ ಬಗೆ ಬೇರೆ. ಅದು ನರಕ್ಕೇ ತಾಗುವುದರಿಂದ ಕೀಟ ತಟ್ಟನೆ ಬೀಳುತ್ತದೆ. ಸೊಳ್ಳೆಬತ್ತಿಯ ಔಷಧ ಅದನ್ನೇ ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು.

ಬೇವು ಹಾಗೆ ತಟ್ಟನೆ ಬೀಳಿಸುವುದಿಲ್ಲ, ಹಾಗಾಗಿ ಹುಳ ಇನ್ನೂ ಮರಿಯಿರುವಾಗಲೇ ಹೊಡೆಯುವುದು ಮುಖ್ಯ. ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಸೆಳೆಯುವ ಮೋಹಕ ಬಲೆಗೆ ಕಾಯಿಕೊರಕದ ಪತಂಗ ಬೀಳತೊಡಗಿದರೆ ಕುಡಿ, ಮೊಗ್ಗು ನೋಡುತ್ತೇನೆ. ಗಸಗಸೆಗಿಂತ ಸಣ್ಣ, ಬೆಳ್ಳಗಿನ ಮೊಟ್ಟೆ ಕಂಡವೋ, ಅದೇ ಸಂಜೆ ಬೀಜ ನೆನೆಹಾಕುವುದು.

ಮಳೆಗಾಲದ ಶುರುವಿಗೆ ಉದುರುವ ಬೇವಿನ ಹಣ್ಣು ಆರಿಸಿ, ಸಿಪ್ಪೆ ತೊಳೆದು, ನೆರಳಿನಲ್ಲಿ ಒಣಗಿಸಿ ಗೋಣಿಚೀಲದಲ್ಲಿ ಇಡುತ್ತೇವೆ. ಬೂಸ್ಟು ಹಿಡಿದದ್ದು, ಹಿಂದಿನ ವರ್ಷದ್ದು ಬೇಡ, ಕಸುವು ಇರುವುದಿಲ್ಲ. ಒಡೆದು ತೆಗೆದ ತಿರುಳು 5 ಕಿಲೋ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಗಂಟನ್ನು ಅದೇ ನೀರಿಗೆ ಅದ್ದಿ ಅದ್ದಿ ಹಿಂಡಬೇಕು, ಹಾಲಿನ ಬಣ್ಣ ಬರುವುದು ನಿಲ್ಲುವ ತನಕ. ಕೈಯ ಕಹಿ ರೊಟ್ಟಿ ತಿನ್ನುವಾಗಲೂ ಹೋಗುವುದಿಲ್ಲ! ಎರಡು ಪದರ ಬಟ್ಟೆಯಲ್ಲಿ ಸೋಸದಿದ್ದರೆ ಪಂಪಿನ ನಾಝಲ್ ಕಟ್ಟುತ್ತದೆ. 100 ಲೀಟರ್‌ಗೆ ನೀರು ಕೂಡಿಸಿ, ಹನಿ ಎಲೆಗೆ ಅಂಟಲೆಂದು ಸ್ವಲ್ಪ ಸಾಬೂನು ಪುಡಿ ಕಲಸಿದರೆ ಶೇ. 5ರ ಕಷಾಯ ತಯಾರು. ಮಾಡಿದ ದಿನವೇ ಮುಗಿಸಬೇಕು.

ಬಿಸಿಲಿಗೆ ಇದರ ಕಸುವು ಬೇಗ ಇಳಿಯುತ್ತದೆ. ಅದಕ್ಕೇ ಇಳಿಹೊತ್ತಿಗೆ ಹೊಡೆಯುವುದು, ವಾರ-ಹತ್ತು ದಿನಕ್ಕೆ ಮತ್ತೊಮ್ಮೆ. ಸಂಜೆಯ ಆ ಹೊತ್ತಿಗೆ ಜೇನುಹುಳಗಳೂ ಗೂಡು ಸೇರಿರುತ್ತವೆ. ಕಾಯಿಯೊಳಗೆ ತಲೆ ತೂರಿಸಿದ ದಪ್ಪ ಹುಳಕ್ಕೆ ಮಾತ್ರ ಇದನ್ನು ನಂಬಬೇಡಿ, ಕೈಯಿಂದಲೇ ಆರಿಸಿ ತೆಗೆಯಿರಿ.