ಹಂಚೋಕೆ ಬೆಳೆದ ತರಕಾರಿ, ಅಟ್ಟ ಸೇರಿದ ಕುಂಬಳ

ಕೊಡಗಿನಲ್ಲಿ ಪಾಳು ಗದ್ದೆಯೊಂದರಲ್ಲಿ ಹಂಚಲೆಂದೇ ತರಕಾರಿ ಬೆಳೆಯಲು ಹೊರಟ ಮೊದಲ ವರ್ಷದ ಮಾತು. 40 ಕೆ.ಜಿ. ಹರಿವೆ ಸೊಪ್ಪನ್ನು ಜೀಪಿಗೆ ತುಂಬಿಕೊಂಡು ಹೋಗಿ ಮಕ್ಕಳು ಅಲ್ಲೇ ಉಳಿದು ಓದುವ ಒಂದು ಆಶ್ರಮ ಶಾಲೆಯ ಅಡುಗೆಮನೆ ಮುಂದೆ ಇಳಿಸಿದೆವು. ನಮಗೆಲ್ಲ ಭಾರೀ ಖುಷಿ. ಅಡುಗೆ ಮಾಡುವ ಅಕ್ಕ ಚೀಲದ ಬಾಯಿ ಬಿಚ್ಚಿ ನೋಡಿದರು, ನಮ್ಮ ಮುಖ ನೋಡಿದರು, "ಇದನ್ನೆಲ್ಲ ಸೋಸೋರು ಯಾರಣ್ಣ?" ಅಂತ ಕೇಳಿದರು. ಅಲ್ಲಿ 90 ಮಕ್ಕಳಿಗೆ ಇಬ್ಬರೇ ಅಡುಗೆಯವರು. ಬೆಳಗಿನ ತಿಂಡಿ ಮುಗಿಸಿ ಮಧ್ಯಾಹ್ನದ ಸಾರಿಗೆ ಇಡಬೇಕು, ಅದರ ನಡುವೆ ಅಷ್ಟು ಸೊಪ್ಪು ಸೋಸಿ, ಮೂರು ನೀರಲ್ಲಿ ತೊಳೆದು, ಹೆಚ್ಚಿ... ಆಗುವ ಕೆಲಸವಾ? ಅರ್ಧ ತಗೊಂಡರು, ಅದೂ ನಮ್ಮ ದಾಕ್ಷಿಣ್ಯಕ್ಕೆ. ಉಳಿದದ್ದನ್ನು ದಾರಿಯಲ್ಲಿ ಸಿಕ್ಕ ಮನೆಗಳಿಗೆಲ್ಲ ಕೊಡುತ್ತಾ ಬಂದೆವು. ಕೊನೆಯ ಚೀಲ ನಮ್ಮ ಹಸುವಿಗೇ ಹೋಯಿತು.

ಇದೆಲ್ಲ ಶುರುವಾದದ್ದು 2018ರ ಆಗಸ್ಟ್ ಮಳೆಯಿಂದ. ಗುಡ್ಡ ಜರಿದು, ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆ ಜೋಡುಪಾಲದ ಹತ್ತಿರ ಕಡಿದು ಹೋಗಿತ್ತು. ಆ ಕಡೆ ಕುಶಾಲನಗರದಲ್ಲೂ ನೀರು. ನಾನು ಒಂದು ಪರಿಹಾರ ಕೇಂದ್ರದ ಅಡುಗೆಗೆ ಸಹಾಯಕ್ಕೆ ಹೋಗಿದ್ದೆ. ಅಕ್ಕಿ ಬಂತು, ಬಿಸ್ಕತ್ತು ಬಂತು, ನೀರಿನ ಬಾಟಲಿ, ಬಟ್ಟೆ ರಾಶಿ ರಾಶಿ ಬಂತು. ಎರಡು ದಿನ ತರಕಾರಿ ಮಾತ್ರ ಇಲ್ಲ. ಬೇಳೆ ಸಾರೇ ಸಾರು. ಕೊಡಗಿಗೆ ತರಕಾರಿ ಬರುವುದೇ ಜಾಸ್ತಿ ಹುಣಸೂರು, ಪಿರಿಯಾಪಟ್ಟಣ, ಮೈಸೂರು ಕಡೆಯಿಂದ. ಇಷ್ಟು ಮಳೆ, ಇಷ್ಟು ಗದ್ದೆ ಇಟ್ಟುಕೊಂಡು ನಾವು ಒಂದು ಸೌತೆಕಾಯಿಗೂ ಕೆಳಗಿನಿಂದ ಬರುವ ಲಾರಿ ಕಾಯಬೇಕಾ ಅಂತ ಅವತ್ತು ಅನ್ನಿಸಿತು. ಅನ್ನಿಸಿದ್ದು ಅವತ್ತಾದರೂ ಕೈ ಹಾಕಿದ್ದು ಎರಡು ವರ್ಷ ಬಿಟ್ಟು.

ನಮ್ಮದು ನಾಪೋಕ್ಲು ಕಡೆ. ಗದ್ದೆ ಸಿಗುವುದು ಕಷ್ಟ ಆಗಲಿಲ್ಲ. ಪಾಳು ಬಿದ್ದ ಗದ್ದೆ ಎಲ್ಲಿಲ್ಲ ಹೇಳಿ? ಕೂಲಿಗೆ ಆಳಿಲ್ಲ, ಭತ್ತದಲ್ಲಿ ಗಿಟ್ಟುವುದಿಲ್ಲ, ಮಕ್ಕಳೆಲ್ಲ ಬೆಂಗಳೂರಲ್ಲಿ. ನಮ್ಮ ನೆಂಟರೊಬ್ಬರ ಒಂದೂವರೆ ಎಕರೆ ಆರು ವರ್ಷದಿಂದ ಹಾಗೇ ಬಿದ್ದಿತ್ತು. "ಮಾಡ್ಕೊಳ್ಳಿ, ಸುಮ್ನೆ ಬಿದ್ದಿದೆ" ಅಂದರು. ನಾವು ಬಾಯಿಮಾತಿನಲ್ಲೇ ಶುರು ಮಾಡಿದೆವು, ಅದು ತಪ್ಪಾಯಿತು. ಒಕ್ಕದ ಜಮೀನು, ಅಂದರೆ ಇಡೀ ಕುಟುಂಬಕ್ಕೆ ಸೇರಿದ್ದು, ಹಕ್ಕುದಾರರು ಏಳು ಜನ. ಗದ್ದೆ ಹಸಿರಾದ ಮೇಲೆ ಒಬ್ಬರು ಬಂದು "ಯಾರನ್ನು ಕೇಳಿ ಬೇಲಿ ಹಾಕಿದ್ದು?" ಅಂದರು. ಆಮೇಲೆ ಏಳೂ ಮನೆಗೆ ಓಡಾಡಿ, ಐದು ವರ್ಷಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು, ಎಲ್ಲರ ಸಹಿ ತಗೊಂಡೆ. ನೀವು ಮಾಡುವುದಾದರೆ ಮೊದಲು ಆ ಹಾಳೆ, ಆಮೇಲೆ ಟಿಲ್ಲರ್.

ಮಣ್ಣು ಪರೀಕ್ಷೆಗೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟೆವು. ಪಿಎಚ್ 4.9 ಬಂತು. ನಮ್ಮ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ, ಕಾಫಿ ತೋಟಕ್ಕೆ ಸುಣ್ಣ ಹಾಕುವವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ ನಾನು ಗದ್ದೆಗೆ ಹಾಕಿರಲಿಲ್ಲ. ಮೊದಲ ಸಲ ಬೀನ್ಸ್ ಹಳದಿ ತಿರುಗಿ ನಿಂತದ್ದು ಅದಕ್ಕೇ.

ಇನ್ನೊಂದು ಪೆಟ್ಟು ಕ್ಯಾಲೆಂಡರಿನದು. ನಾನು ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಬೇರೆ ಊರಿನ ಅನುಭವ ಕೇಳಿಕೊಂಡು ಇಲ್ಲಿ ಮಾಡಹೊರಟವರೆಲ್ಲ ಎಡವುವುದು ಇಲ್ಲೇ. ಕೊಡಗಿನಲ್ಲಿ ಗದ್ದೆ ತರಕಾರಿ ಬರುವುದು ಭತ್ತ ಕೊಯ್ದ ಮೇಲೆ, ಅಂದರೆ ಜನವರಿಯಲ್ಲಿ ಬೀಜ ಹಾಕಿದರೆ ಮಾರ್ಚ್, ಏಪ್ರಿಲ್, ಮೇ. ಜನವರಿಯಲ್ಲಿ ಎಲ್ಲರೂ ಎಲ್ಲಿರುತ್ತಾರೆ? ಕಾಫಿ ಕುಯ್ಲಿನಲ್ಲಿ. "ಬರ್ತೇವೆ ಅಣ್ಣ" ಅಂದ ಹದಿನೆಂಟು ಜನರಲ್ಲಿ ಜನವರಿಯಲ್ಲಿ ಬಂದವರು ಮೂವರು. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬೀಳದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಇಡಲು ಓಟ, ಮಕ್ಕಳಿಗೆ ಪರೀಕ್ಷೆ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ರಜೆ. ಗದ್ದೆ ತುಂಬ ಕಾಯಿ ಬಿಡುವ ಹೊತ್ತಿಗೆ ಹಾಸ್ಟೆಲ್ ಖಾಲಿ! ಶಾಲೆ ಶುರುವಾಗಿ, ಮಳೆ ಹಿಡಿದು, ತರಕಾರಿ ರೇಟು ಏರಿ, ತೋಟದ ಕೂಲಿಯವರಿರುವ ಲೈನ್ ಮನೆಗಳಲ್ಲಿ ದಿನಗೂಲಿ ತಪ್ಪಿ ಜನರಿಗೆ ನಿಜವಾಗಿ ಬೇಕಾಗುವ ಕಕ್ಕಡ ತಿಂಗಳಿನಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ನಮ್ಮ ಗದ್ದೆಯಲ್ಲಿ ನೀರು ಬಿಟ್ಟರೆ ಏನೂ ಇಲ್ಲ. ಮಳೆ, ಕಾಫಿ, ಶಾಲೆ, ಈ ಮೂರೂ ಒಂದಕ್ಕೊಂದು ಕೂಡುವುದಿಲ್ಲ.

ದಾರಿ ತೋರಿಸಿದ್ದು ಗದ್ದೆ ಮೇಲಿನ ಮನೆಯ ಅಜ್ಜಿ. ಎರಡನೇ ವರ್ಷ ಜುಲೈನಲ್ಲಿ ಅವರ ಮನೆಗೆ ಹೋಗಿದ್ದೆ. ಹೊರಗೆ ಧೋ ಅಂತ ಮಳೆ. ಅಕ್ಕಿ ಒಟ್ಟಿ (ರೊಟ್ಟಿ) ಜೊತೆ ಕುಂಬಳದ ಪಲ್ಯ ಬಡಿಸಿದರು. ಈ ಮಳೆಯಲ್ಲಿ ಕುಂಬಳ ಎಲ್ಲಿಂದ ಅಂತ ಕೇಳಿದರೆ ಸೌಟಿನಿಂದ ಮೇಲೆ ತೋರಿಸಿದರು. ಒಲೆಯ ಮೇಲಿನ ಅಟ್ಟ. ಬಿದಿರಿನ ತಟ್ಟಿ, ಅದರ ಮೇಲೆ ಸಾಲಾಗಿ ಸಿಹಿಗುಂಬಳ, ಪಕ್ಕದ ಗಳುವಿನಲ್ಲಿ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಸಾಂಬಾರ್ ಸೌತೆ. ಏಪ್ರಿಲಿನಲ್ಲಿ ಕಿತ್ತದ್ದು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಇತ್ತು, ಗ್ಯಾಸ್ ಬಂದ ಮೇಲೆ ಅಟ್ಟ ಇಳಿಸಿ ಸೀಲಿಂಗ್ ಹಾಕಿಸಿಬಿಟ್ಟೆವು.

ಮುಂದಿನ ಜನವರಿಯಿಂದ ನಮ್ಮ ಬೆಳೆ ಬದಲಾಯಿತು. ಸಿಹಿಗುಂಬಳ, ಸಾಂಬಾರ್ ಸೌತೆ, ಒಣಗಿಸಿ ಇಡಲು ಅಲಸಂದೆ, ಗದ್ದೆ ಅಂಚಿನ ಎತ್ತರದ ಜಾಗದಲ್ಲಿ ಸುವರ್ಣಗೆಡ್ಡೆ. ಸೊಪ್ಪು ಎರಡೇ ಮಡಿ, ಅದು ಮಕ್ಕಳು ಕಲಿಯಲಿಕ್ಕೆ. ಕುಂಬಳಕ್ಕೆ ಕೆಲಸವೂ ಕಡಿಮೆ. ಗುಂಡಿ ತೋಡಿ ಗೊಬ್ಬರ ತುಂಬಿ ಬೀಜ ಹಾಕಿ ಒಮ್ಮೆ ಬಳ್ಳಿ ಹರಿಯಿತೆಂದರೆ ಕಳೆಯನ್ನು ಅದೇ ಮುಚ್ಚಿಕೊಳ್ಳುತ್ತದೆ. ಕಾಫಿ ಕುಯ್ಲಿನ ತಿಂಗಳಲ್ಲಿ ಮೂರೇ ಜನರಿದ್ದರೂ ನಡೆಯುತ್ತದೆ.

ಕೆಡದೆ ಇಡುವುದರಲ್ಲಿ ಅಜ್ಜಿ ಹೇಳಿಕೊಟ್ಟ ಕೆಲವು ಸೂಕ್ಷ್ಮ ಇವೆ. ಕಾಯಿ ಪೂರ್ತಿ ಬಲಿಯಬೇಕು, ಉಗುರು ಒತ್ತಿದರೆ ಇಳಿಯಬಾರದು. ಕೀಳುವಾಗ ಎರಡಿಂಚು ತೊಟ್ಟು ಬಿಟ್ಟು ಕತ್ತಿಯಿಂದ ಕೊಯ್ಯಬೇಕು, ತಿರುಚಿ ಕಿತ್ತರೆ ಅಲ್ಲಿಂದಲೇ ಕೊಳೆ ಶುರು. ತೊಳೆಯಬಾರದು. ನಾಲ್ಕೈದು ದಿನ ಬಿಸಿಲಿಗೆ ಹಾಕಿ ಆಮೇಲೆ ಅಟ್ಟಕ್ಕೆ, ಒಂದಕ್ಕೊಂದು ತಾಗದಂತೆ. ತೊಟ್ಟು ಹಿಡಿದು ಎತ್ತಬಾರದು, ಮಗುವನ್ನು ಎತ್ತುವ ಹಾಗೆ ಅಡಿಗೆ ಕೈ ಕೊಟ್ಟು ಎತ್ತಬೇಕು. ವಾರಕ್ಕೊಮ್ಮೆ ಎಲ್ಲವನ್ನೂ ತಿರುಗಿಸಿ ಮೂಸಿ ನೋಡಬೇಕು. ಈ ಮೂಸುವ ಕೆಲಸಕ್ಕೆ ಹುಡುಗರು ನಾ ಮುಂದು ತಾ ಮುಂದು.

ನಾನು ಬುದ್ಧಿವಂತ ಅಲ್ವಾ, ಆ ವರ್ಷ ಅರ್ಧದಷ್ಟನ್ನು ಶೀಟಿನ ಗೋದಾಮಿನಲ್ಲಿ ಇಟ್ಟೆ. ಒಳ್ಳೆ ಜಾಗ, ಬೀಗ ಇದೆ, ನೆಲ ಸಿಮೆಂಟಿನದು. ಜೂನ್ ಕೊನೆಗೆ ತೆಗೆದು ನೋಡಿದರೆ ಮೂರರಲ್ಲಿ ಒಂದು ಕಾಯಿಗೆ ಬೂಸ್ಟು ಹಿಡಿದು ನೀರು ಸೋರುತ್ತಿತ್ತು. ಅಜ್ಜಿಯ ಅಟ್ಟದಲ್ಲಿ ಕೆಟ್ಟದ್ದು ನಾಲ್ಕೇ. ದಿನಾ ಎರಡು ಹೊತ್ತು ಸೌದೆ ಒಲೆ ಉರಿಯುವ ಮನೆಯಲ್ಲಿ ಗಾಳಿ ಒಣಗಿರುತ್ತದೆ, ಹೊಗೆಗೆ ಬೂಸ್ಟೂ ಹತ್ತಿರ ಬರುವುದಿಲ್ಲ.

ಇನ್ನು ಮಕ್ಕಳು. ಹತ್ತಿರದ ಎರಡು ಸರ್ಕಾರಿ ಶಾಲೆಯ ಎಂಟು, ಒಂಬತ್ತನೇ ತರಗತಿಯವರು ಶನಿವಾರ ಬರುತ್ತಾರೆ. ಶನಿವಾರ ಬೆಳಗ್ಗೆ ಮಾತ್ರ ಶಾಲೆ, ಊಟ ಮುಗಿಸಿ ಬಂದರೆ ನಾಲ್ಕೂವರೆವರೆಗೆ ಕೆಲಸ. ನಾಲ್ಕೂವರೆ ಅಂದರೆ ನಾಲ್ಕೂವರೆ, ಐದು ನಿಮಿಷವೂ ಜಾಸ್ತಿ ಇಲ್ಲ. ಸಂಜೆಗೆ ಆನೆ ಇಳಿಯುವ ದಾರಿ ಅದು. ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳೂ ಬರುತ್ತಾರೆ. ಅವರಿಗೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಆಗಬೇಕು, ನಮಗೆ ನಾಟಿಗೆ ಕೈ ಬೇಕು, ಇಬ್ಬರಿಗೂ ಅನುಕೂಲ.

ಶುರುವಿನಲ್ಲಿ ನಾನು ಪಾಠ ಮಾಡುತ್ತಿದ್ದೆ. ಬೋರ್ಡು, ಚಿತ್ರ, ಸಾರಜನಕ, ರಂಜಕ. ಮಕ್ಕಳು ಆಕಳಿಸುತ್ತಿದ್ದರು. ಈಗ ಇಬ್ಬರಿಗೊಂದು ಮಡಿ, ಒಂದು ಪುಸ್ತಕ. ಏನು ಹಾಕಿದೆ, ಯಾವತ್ತು ಮೊಳಕೆ ಬಂತು, ಎಷ್ಟು ತೂಕ ಬಂತು, ಎಲ್ಲಿಗೆ ಹೋಯಿತು, ಅಷ್ಟೇ ಬರೆಯಬೇಕು. ಸತ್ತರೆ ಯಾಕೆ ಸತ್ತಿತು ಅಂತ ಬರೆಯಬೇಕು. ಒಂದು ಪುಸ್ತಕದಲ್ಲಿ "ಮೂಲಂಗಿ: ಹಂದಿ ತಿಂದಿತು. ಎರಡನೇ ಸಲ ಮೂಲಂಗಿ: ಹಂದಿ ತಿಂದಿತು. ಮೂರನೇ ಸಲ ಮೆಣಸಿನಕಾಯಿ" ಅಂತ ಇದೆ. ಇದಕ್ಕಿಂತ ಚೆನ್ನಾಗಿ ನಾನೇನು ಪಾಠ ಮಾಡಲಿ? ಜೀವಾಮೃತ ಅನ್ನುವ ದ್ರವ ಗೊಬ್ಬರ ಕಲೆಸುವ ದಿನ ಮಾತ್ರ ಹಾಜರಿ ಪೂರ್ತಿ ಇರುತ್ತದೆ. 200 ಲೀಟರ್ ಡ್ರಮ್ಮಿನಲ್ಲಿ 10 ಕೆ.ಜಿ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಆ ವಾಸನೆಗೆ ಮೂಗು ಮುಚ್ಚಿಕೊಂಡು ಕಿರುಚುವುದೇ ಅವರಿಗೆ ಮಜಾ.

ಕುಂಬಳದ ಹೂವಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಅಂತ ಪುಸ್ತಕದಲ್ಲಿ ಓದಿರುತ್ತಾರೆ, ಕಣ್ಣಲ್ಲಿ ನೋಡಿರುವುದಿಲ್ಲ. ಮೊದಲು ಬರುವುದೆಲ್ಲ ಗಂಡು ಹೂ, ಆಗ "ಕಾಯಿ ಬಿಡಲ್ಲ ಸಾರ್" ಅಂತ ಗಾಬರಿ. ಕೈಯಿಂದ ಪರಾಗ ಮುಟ್ಟಿಸುವುದನ್ನು ತೋರಿಸೋಣ ಅಂದರೆ ಶನಿವಾರ ಮಧ್ಯಾಹ್ನಕ್ಕೆ ಹೂವೆಲ್ಲ ಮುದುಡಿರುತ್ತದೆ. ಹತ್ತಿರದ ಲೈನ್ ಮನೆಯ ಒಬ್ಬಳು ಹುಡುಗಿ ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಬಂದು ಮುಟ್ಟಿಸಿ, ಮುಟ್ಟಿಸಿದ ಹೂವಿಗೆಲ್ಲ ನೂಲು ಕಟ್ಟಿ ಹೋಗುತ್ತಿದ್ದಳು. ನೂಲು ಕಟ್ಟಿದ 31 ಹೂವಿನಲ್ಲಿ 24 ಕಾಯಿ ನಿಂತಿತು. ಲೆಕ್ಕ ಅವಳದೇ.

ಹಣ್ಣಿನ ನೊಣದ ಕಾಟ ವಿಪರೀತ. ಎಳೆ ಕಾಯಿಯೊಳಗೆ ಮೊಟ್ಟೆ ಇಟ್ಟು ಕೊಳೆಸಿಬಿಡುತ್ತದೆ. ಅಂಗಡಿಯವರೊಬ್ಬರು ಕೊಟ್ಟ ಬಲೆ ನೇತುಹಾಕಿ ಹದಿನೈದು ದಿನ ಕಾದೆವು, ನಮ್ಮ ನೊಣ ಬೀಳಲೇ ಇಲ್ಲ. ಅದರೊಳಗೆ ನೊಣ ಸೆಳೆಯಲು ಇಟ್ಟಿದ್ದ ಮದ್ದು ಮಾವಿಗೆ ಬರುವ ನೊಣದ್ದು, ಮೀಥೈಲ್ ಯೂಜಿನಾಲ್. ಕುಂಬಳ, ಸೌತೆ ಜಾತಿಗೆ ಕ್ಯೂ ಲೂರ್ ಬೇಕು. ಕೇಳಿ ತಗೊಳ್ಳಿ. ಬಲೆಯನ್ನು ಮಕ್ಕಳು ಖಾಲಿ ನೀರಿನ ಬಾಟಲಿಯಲ್ಲೇ ಮಾಡುತ್ತಾರೆ.

ಮಳೆಗಾಲದಲ್ಲಿ ಅರ್ಧ ಎಕರೆ ಭತ್ತ ಹಾಕುತ್ತೇವೆ. ಇಂಟಾನ್, ನಮ್ಮ ಕಡೆಯ ಹಳೆ ಪರಿಚಯದ ತಳಿ. ನಾಟಿ ದಿನ ಜಿಗಣೆ, ಕೆಸರು, ಕೊನೆಗೆ ಗದ್ದೆ ಓಟ. ಓಟದ ಆಸೆಗೆ ಬಂದವರಿಗೆ ಮೊದಲು ನಾಟಿ, ಆಮೇಲೆ ಓಟ ಅಂತ ಕಟ್ಟುನಿಟ್ಟು. ಸಾಲು ಸೊಟ್ಟ ಆಗುತ್ತದೆ, ಆಗಲಿ. ಮೂರನೇ ವರ್ಷ ತೆನೆ ಹಣ್ಣಾಗುವ ಹೊತ್ತಿಗೆ ಆನೆ ಬಂದು ಕಾಲು ಭಾಗ ತುಳಿದು ಹೋಯಿತು. ಪರಿಹಾರದ ಅರ್ಜಿ ಹಾಕಿದೆವು, ಅಲೆದಾಡಿ ಸಾಕಾಗಿ ಬಿಟ್ಟೆವು. ಹಂದಿಗೆ ಸೋಲಾರ್ ಬೇಲಿ ಸಾಕು, ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು, ತಂತಿಗೆ ಹುಲ್ಲು ತಾಗಬಾರದು. ಆನೆಗೆ ಏನೂ ಸಾಲದು.

ಕೊಡುವ ವಿಷಯ. ಬೇಯಿಸಿದ್ದನ್ನು ನಾವು ಕೊಡುವುದಿಲ್ಲ, ಹಸಿ ತರಕಾರಿ ಮತ್ತು ಅಕ್ಕಿ ಮಾತ್ರ. ಹಿಂದಿನ ದಿನ ಫೋನ್ ಮಾಡಿ ಏನು ಬೇಕು, ಎಷ್ಟು ಬೇಕು ಕೇಳುತ್ತೇವೆ. ಆ ಸೊಪ್ಪಿನ ಅಕ್ಕನೇ ಈಗ ನಮ್ಮ ಲೆಕ್ಕಾಧಿಕಾರಿ. "ಕುಂಬಳ ವಾರಕ್ಕೆ ಎರಡೇ ಸಲ, ಮೂರನೇ ಸಲ ಮಕ್ಕಳು ತಟ್ಟೆಯಲ್ಲೇ ಬಿಡ್ತಾರೆ" ಅಂತ ಅವರೇ ಹೇಳಿದ್ದು. ಲೈನ್ ಮನೆಗಳಿಗೆ ಮೊದಲು ಹೋದಾಗ ನಮ್ಮಲ್ಲೊಬ್ಬರು ಕೊಡುವಾಗಲೆಲ್ಲ ಫೋಟೋ ತೆಗೆದರು. ಮುಂದಿನ ವಾರ ಅರ್ಧ ಜನ ಹೊರಗೇ ಬರಲಿಲ್ಲ. ಫೋಟೋ ನಿಲ್ಲಿಸಿದೆವು. ಈಗ ಬುಟ್ಟಿ ಇಟ್ಟು ಬರುತ್ತೇವೆ, ಅವರವರೇ ಹಂಚಿಕೊಳ್ಳುತ್ತಾರೆ. ಒಮ್ಮೆ ಖಾಲಿ ಬುಟ್ಟಿಯಲ್ಲಿ ಕಣಿಲೆ (ಎಳೆ ಬಿದಿರು) ಇಟ್ಟು ಕಳಿಸಿದ್ದರು, ಸಿಪ್ಪೆ ತೆಗೆದು ಹೆಚ್ಚಿ, ನೀರಲ್ಲಿ ನೆನೆಸಿಟ್ಟದ್ದು. ಎಲ್ಲಾ ಕೆಲಸ ಮುಗಿಸಿ ಕೊಟ್ಟಿದ್ದರು. ನಾವು ಸೊಪ್ಪು ಕೊಟ್ಟ ರೀತಿ ನೆನಪಾಗಿ ನಾಚಿಕೆ ಆಯಿತು.

ಈ ಸಲ ಅಟ್ಟಕ್ಕೆ ಹೋಗಿರುವುದು 112 ಕುಂಬಳ, ಸೌತೆ ಎಣಿಸಿಲ್ಲ. ಅಜ್ಜಿಯ ಅಟ್ಟ ತುಂಬಿ ಪಕ್ಕದ ಮನೆಯ ಅಟ್ಟಕ್ಕೂ ಹತ್ತಿಸಿದ್ದೇವೆ. ಅಜ್ಜಿ ಒಂದು ಷರತ್ತು ಹಾಕಿದ್ದಾರೆ. ಇಷ್ಟು ಕಾಯಿಗೆ ಹೊಗೆ ಹಾಕಬೇಕಾದರೆ ಅವರೊಬ್ಬರ ಅಡುಗೆಯ ಸೌದೆ ಸಾಲದು, ಮಳೆ ಹಿಡಿಯುವ ಮೊದಲು ಒಣ ಸೌದೆ ತಂದು ಜೋಡಿಸಿ ಕೊಡಬೇಕು. ಹಾಗಾಗಿ ಮೇ ತಿಂಗಳ ಕೊನೆಯ ಎರಡು ಶನಿವಾರ ಗದ್ದೆ ಕೆಲಸ ಇಲ್ಲ. ಹುಡುಗರೆಲ್ಲ ಮರಕಸಿಯಲ್ಲಿ, ಅಂದರೆ ತೋಟದ ನೆರಳು ಮರ ಸವರುವಾಗ, ಬಿದ್ದ ಸಿಲ್ವರ್ ಓಕ್ ಕೊಂಬೆ ಹೊರುತ್ತಿದ್ದಾರೆ, ಅಜ್ಜಿ ಜಗಲಿಯಲ್ಲಿ ಕೂತು "ಹಸೀದು ಬೇಡ, ಅದನ್ನ ಆಚೆ ಇಡು" ಅಂತ ಕೂಗುತ್ತಿದ್ದಾರೆ.