ಎಕ್ಕ ಕಂಡರೂ ಎಲೆ ಮುಚ್ಚಿಡಲು ಕಲಿತದ್ದು

ಮೂರು ತಿಂಗಳ ಲೆಕ್ಕ ಕೂಡಿಸಿ ನೋಡಿದೆ. ಪೋಕರ್‌ನಲ್ಲಿ ನಾನು ಜಾಸ್ತಿ ಕಳೆದುಕೊಂಡದ್ದು ಕೆಟ್ಟ ಎಲೆಯಿಂದ ಅಲ್ಲ, ಎಕ್ಕದಿಂದ. ಎಕ್ಕದ ಜೊತೆ ಆರು, ಎಕ್ಕದ ಜೊತೆ ನಾಲ್ಕು, ಎಕ್ಕದ ಜೊತೆ ಒಂಬತ್ತು.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಭಾನುವಾರ ರಾತ್ರಿ ನಮ್ಮ ಮಾಳಿಗೆ ಮೇಲೆ ಆರು ಜನ ಕೂಡುತ್ತೇವೆ. ಬೇಸಿಗೆಯಲ್ಲಿ ಸಂಜೆ ನೀರು ಹೊಡೆದರೂ ಒಂಬತ್ತು ಗಂಟೆಯ ತನಕ ಮಾಳಿಗೆ ಕಾದೇ ಇರುತ್ತದೆ, ಹಾಗಾಗಿ ಆಟ ಶುರುವಾಗುವುದೇ ತಡ. ದುಡ್ಡು ಇಲ್ಲ. ತಲೆಗೆ 200 ಹುಣಸೆ ಬೀಜ. ಮೊದಲೆಲ್ಲ ರಮ್ಮಿ, ತೀನ್ ಪತ್ತಿ ಆಡುತ್ತಿದ್ದೆವು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕನ ಮಗ ರಜೆಗೆ ಬಂದಾಗ ಪೋಕರ್ ಕಲಿಸಿ ಹೋದ. ಕೈಗೆ ಎರಡೇ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ (ಮೊದಲು ಮೂರು, ಆಮೇಲೆ ಒಂದೊಂದು), ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದರು.

ತೀನ್ ಪತ್ತಿ ಆಡಿದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವುದು. ಇಲ್ಲಿ ಹಾಗಲ್ಲ. ಎಲೆ ಹಂಚುವವನ ಎಡಕ್ಕೆ ಕೂತವನು, ಅವನ ಪಕ್ಕದವನು, ಇಬ್ಬರೂ ಮೊದಲೇ ಕಡ್ಡಾಯವಾಗಿ ಹಾಕುವ ಬೀಜಕ್ಕೆ ಬ್ಲೈಂಡ್ ಅನ್ನುತ್ತಾರೆ. ನಮ್ಮಲ್ಲಿ ಒಂದು ಬೀಜ, ಎರಡು ಬೀಜ. ಅವರ ಎಡಕ್ಕೆ ಕೂತವನು ಮೊದಲು ಮಾತಾಡುತ್ತಾನೆ, ಅಂದರೆ ಎಲೆ ಬಿಡುವುದೋ, ಅಷ್ಟೇ ಬೀಜ ಹಾಕುವುದೋ, ಏರಿಸುವುದೋ ಹೇಳುತ್ತಾನೆ. ಅದೇ ಮೊದಲ ಜಾಗ.

ನನ್ನನ್ನು ಕೆಡಿಸಿದ್ದು ರಮ್ಮಿಯ ಅಭ್ಯಾಸ. ರಮ್ಮಿಯಲ್ಲಿ ಎಲೆ ನೋಡಿ ಮೊದಲೇ ಡ್ರಾಪ್ ಮಾಡಿದರೂ 20 ಪಾಯಿಂಟ್ ಬೀಳುತ್ತದೆ. ಪೂರ್ತಿ ಸೋತರೆ 80. ಹಾಗಾಗಿ ಒಂದು ಜೋಕರ್ ಕಂಡರೆ ಸಾಕು, ನೋಡೇಬಿಡೋಣ ಅಂತ ಕೂರುತ್ತೇವೆ. ಪೋಕರ್‌ನಲ್ಲಿ ಬ್ಲೈಂಡ್ ಕೊಡದ ನಾಲ್ಕು ಜನಕ್ಕೆ ಎಲೆ ಬಿಟ್ಟರೆ ಒಂದು ಬೀಜವೂ ಹೋಗುವುದಿಲ್ಲ. ನಾನು ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಆರು ಜನರ ಆಟದಲ್ಲಿ ಒಂದು ಸುತ್ತು ಮುಗಿಯುವಷ್ಟರಲ್ಲಿ ನಾನು ಕಡ್ಡಾಯವಾಗಿ ಕೊಡುವುದು ಮೂರು ಬೀಜ. ಅಂದರೆ ಸುಮ್ನೆ ಕಾಯುವುದಕ್ಕೆ ಒಂದು ಆಟಕ್ಕೆ ಅರ್ಧ ಬೀಜ. ಕಾಯುವುದು ಇಷ್ಟು ಅಗ್ಗ ಇರುವಾಗ ಸಿಕ್ಕ ಎಲೆಗೆಲ್ಲ ಯಾಕೆ ಕೈ ಹಾಕಬೇಕು?

ಆಮೇಲೆ ಮಿಲ್ಲಿನ ಕಿರ್ದಿಯ ಹಾಗೆ ಒಂದು ಪುಸ್ತಕ ಇಟ್ಟೆ. ನಾಲ್ಕು ಅಂಕಣ. ಯಾವ ಎಲೆ, ಯಾವ ಜಾಗ, ಎಷ್ಟು ಹಾಕಿದೆ, ಎಷ್ಟು ಬಂತು. ಏಳು-ಎರಡು ಬಂದರೆ ಯಾರೂ ಹೇಳಬೇಕಿಲ್ಲ, ಬಿಟ್ಟೇ ಬಿಡುತ್ತೇವೆ. ಅದರಿಂದ ನಷ್ಟವೇ ಇಲ್ಲ. ಎಕ್ಕ-ಆರು ಹಾಗಲ್ಲ. ನಡುವೆ ಇನ್ನೊಂದು ಎಕ್ಕ ಬಿದ್ದರೆ ನನಗೆ ಎಕ್ಕದ ಜೋಡಿ, ಖುಷಿ. ನಾನು ಬೀಜ ಹಾಕುತ್ತ ಹೋಗುತ್ತೇನೆ. ಕೊನೆಯ ತನಕ ಜೊತೆಗೆ ಬರುವವನ ಹತ್ತಿರವೂ ಎಕ್ಕ ಇರುತ್ತದೆ, ಜೊತೆಗೆ ರಾಜನೋ ರಾಣಿಯೋ. ಜೋಡಿ ಸಮ, ಪಕ್ಕದ ಎಲೆಯಲ್ಲಿ ಸೋಲು. ಎಕ್ಕ-ರಾಜನ ಎದುರು ಎಕ್ಕ-ಆರು ಗೆಲ್ಲುವುದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ. ಎಲೆ ಕೂಡದಿದ್ದಾಗ ಸಣ್ಣ ನಷ್ಟ, ಕೂಡಿದಾಗ ದೊಡ್ಡ ನಷ್ಟ. ಇದು ನನಗೆ ಪುಸ್ತಕ ನೋಡುವ ತನಕ ಹೊಳೆದಿರಲಿಲ್ಲ. ಮೊದಲ ಜಾಗದಲ್ಲಿ ರಾಜ-ಗುಲಾಮ ಆಡಿದ್ದರ ಕತೆಯೂ ಇದೇ.

ಒಂದೇ ಕಲರ್ ಎಲೆಯ ಆಸೆಯೂ ಜಾಸ್ತಿ ಇತ್ತು. ಕಲರ್ ಅಂದರೆ ಕೆಂಪು-ಕಪ್ಪು ಅಲ್ಲ, ಆಟೀನ್, ಇಸ್ಪೀಟ್‌ನಂಥ ಜಾತಿ. ಗುಲಾಮ-ನಾಲ್ಕು ಎರಡೂ ಆಟೀನ್ ಆದರೆ ಬಿಡಲು ಮನಸ್ಸೇ ಬರುತ್ತಿರಲಿಲ್ಲ. ನಡುವಿನ ಮೊದಲ ಮೂರು ಎಲೆಗೇ ಐದೂ ಒಂದೇ ಕಲರ್ ಆಗುವುದು ಸುಮಾರು 119 ಸಲಕ್ಕೆ ಒಮ್ಮೆ. ಎರಡು ಎಲೆ ಒಂದೇ ಕಲರ್ ಆದರೆ ಗೆಲ್ಲುವ ಅವಕಾಶ ನೂರಕ್ಕೆ ಮೂರರ ಆಸುಪಾಸು ಮಾತ್ರ ಹೆಚ್ಚುತ್ತದೆ. ಒಳ್ಳೆಯ ಎಲೆಯನ್ನು ಕಲರ್ ಇನ್ನಷ್ಟು ಒಳ್ಳೆಯದು ಮಾಡುತ್ತದೆ. ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ.

ಎಲೆ ಎಣಿಸುವ ರೀತಿ ಅಳಿಯನೇ ಹೇಳಿಕೊಟ್ಟ. 52 ಎಲೆಯಲ್ಲಿ ಎರಡು ಎಲೆ ಬರುವ ಬಗೆ 1,326. ಒಂದು ಜೋಡಿ ಆರು ಬಗೆಯಲ್ಲಿ ಬರಬಹುದು. ಎಕ್ಕ-ರಾಜ ಹದಿನಾರು ಬಗೆ, ಅದರಲ್ಲಿ ಒಂದೇ ಕಲರಿನದು ನಾಲ್ಕು. ಇದು ತಿಳಿದರೆ ನೀವು ಎಷ್ಟು ಆಡುತ್ತಿದ್ದೀರಿ ಅಂತ ನೀವೇ ಅಳೆಯಬಹುದು. ಮೊದಲು ಮಾತಾಡುವ ಜಾಗದಲ್ಲಿ ಈಗ ನಾನು ಆಡುವುದು ಏಳರ ಜೋಡಿಯಿಂದ ಮೇಲಿನದು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಕಲರ್ ಆದರೆ ಎಕ್ಕ-ಗುಲಾಮ, ಎಕ್ಕ-ಹತ್ತು, ರಾಜ-ರಾಣಿ. ಕೂಡಿಸಿದರೆ 92 ಬಗೆ. ಹದಿನಾಲ್ಕು ಸಲಕ್ಕೆ ಒಂದು ಸಲ ಅಷ್ಟೇ. ಅಲ್ಲಿ ಕೂತಾಗ ನನ್ನ ಹಿಂದೆ ಐದು ಜನ ಇನ್ನೂ ಮಾತಾಡುವವರಿದ್ದಾರೆ, ಅವರಲ್ಲಿ ಯಾರ ಕೈಯಲ್ಲಿ ಏನಿದೆಯೋ.

ನಾನೇ ಎಲೆ ಹಂಚುವಾಗ ಮಾತು ಬೇರೆ. ನಡುವಿನ ಎಲೆ ಬಿದ್ದ ಮೇಲೆ ಎಲ್ಲರೂ ಏನು ಮಾಡಿದರು ಅಂತ ನೋಡಿ ನಾನು ಕೊನೆಗೆ ಮಾತಾಡುತ್ತೇನೆ. ನನಗಿಂತ ಮೊದಲು ಯಾರೂ ಏರಿಸದಿದ್ದರೆ ಎಲ್ಲ ಜೋಡಿ, ಹತ್ತರಿಂದ ಮೇಲಿನ ಯಾವ ಎರಡು ಎಲೆಯಾದರೂ, ಎಕ್ಕದ ಜೊತೆ ಅದೇ ಕಲರಿನ ಯಾವ ಎಲೆಯಾದರೂ, ಮತ್ತೆ ಒಂದೇ ಕಲರಿನ ಐದು-ಆರರಿಂದ ಒಂಬತ್ತು-ಹತ್ತರ ತನಕದ ಅಕ್ಕಪಕ್ಕದ ಎಲೆ. ಇದು 290 ಬಗೆ, ಮೊದಲ ಜಾಗದ ಮೂರು ಪಟ್ಟಿಗೂ ಜಾಸ್ತಿ.

ಇನ್ನೊಂದು ತಪ್ಪು ಹೇಳಲೇಬೇಕು. ಒಮ್ಮೆ ಎರಡು ಎಕ್ಕ ಬಂದವು. 221 ಸಲಕ್ಕೆ ಒಮ್ಮೆ ಬರುವ ಎಲೆ. ಯಾರೂ ಬಿಟ್ಟು ಹೋಗಬಾರದು ಅಂತ ಏರಿಸದೆ ಎರಡೇ ಬೀಜ ಹಾಕಿದೆ. ಐದೂ ಜನ ಬಂದರು. ಐದು-ಎಂಟು ಹಿಡಿದು ಬಂದ ಕಾಕಾ ಎರಡು ಜೋಡಿ ಮಾಡಿ ಗೆದ್ದರು. "ಎರಡ್ ಎಕ್ಕಾ ಇಟ್ಕೊಂಡು ಸುಮ್ ಕುಂತಿದ್ದೇನೋ ತಮ್ಮಾ?" ಅಂದರು. ಎದುರಿಗೆ ಒಬ್ಬರೇ, ಯಾವುದೋ ಎಲೆ ಹಿಡಿದವರು ಇದ್ದರೆ ಎರಡು ಎಕ್ಕ ನೂರಕ್ಕೆ 85 ಸಲ ಗೆಲ್ಲುತ್ತದೆ. ಐದು ಜನ ಇದ್ದರೆ 49ರ ಸುತ್ತ. ಅಂದಿನಿಂದ ಆಡುವ ಎಲೆ ಬಂದರೆ ಏರಿಸಿಯೇ ಬರುತ್ತೇನೆ, ಆರು ಬೀಜಕ್ಕೆ. ಏರಿಸಲು ಧೈರ್ಯ ಸಾಲದ ಎಲೆ ಅಂದರೆ ಅದು ಬಿಡುವ ಎಲೆಯೇ.

ಬೀಜದ ಆಟದಲ್ಲಿ ಯಾರೂ ಸುಲಭಕ್ಕೆ ಬಿಡುವುದಿಲ್ಲ, ಅಲ್ವಾ? ಸುಳ್ಳು ಹೇಳಿ ಹೆದರಿಸಿ ಓಡಿಸುವ ಆಟ ನಮ್ಮ ಮಾಳಿಗೆಯಲ್ಲಿ ನಡೆಯದು. ಆದರೆ ಸಣ್ಣ ಜೋಡಿಗೆ ಇಂಥವರೇ ಬೇಕು. ಜೋಡಿ ಹಿಡಿದು ಕೂತಾಗ ಮೊದಲ ಮೂರು ಎಲೆಯಲ್ಲಿ ಮೂರನೆಯದು ಸಿಗುವುದು ಎಂಟು-ಒಂಬತ್ತು ಸಲಕ್ಕೆ ಒಮ್ಮೆ. ಸಿಕ್ಕರೆ ಎದುರಿನವರು ಕೊನೆಯ ತನಕ ಬೀಜ ಕೊಡುತ್ತಾರೆ. ಹಾಗಾಗಿ ಬೇರೆಯವರು ಆರು ಬೀಜಕ್ಕೆ ಏರಿಸಿದಾಗ ನಾಲ್ಕರ ಜೋಡಿಯಲ್ಲಿ ಹೋಗುವ ಮೊದಲು ಅವರ ಮುಂದಿನ ರಾಶಿ ನೋಡುತ್ತೇನೆ. ನೂರರ ಹತ್ತಿರ ಇದ್ದರೆ ಸರಿ. ಮೂವತ್ತೇ ಇದ್ದರೆ ಮೂರನೆಯದು ಸಿಕ್ಕರೂ ಬರುವುದು ಕಡಿಮೆ, ಬಿಡುತ್ತೇನೆ.

ಮೊದಮೊದಲು ಎಲೆ ಮುಚ್ಚಿಡುವುದು ಕಷ್ಟವಾಯಿತು. "ಆಡ್ಲಾಕ ಬಂದೀಯೋ, ನೋಡ್ಲಾಕ ಬಂದೀಯೋ?" ಅಂತ ಕಾಕಾ ವಾರವಾರವೂ ಕೇಳುತ್ತಿದ್ದರು. ನಾನು ನಿಜಕ್ಕೂ ನೋಡುತ್ತಿದ್ದೆ. ಎಲೆ ಬಿಟ್ಟ ಮೇಲೆ ಯಾರು ಯಾವ ಜಾಗದಿಂದ ಎಂಥ ಎಲೆ ತಂದರು ಅಂತ ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕಾಕಾ ಎಲ್ಲಿ ಕೂತರೂ ಎಕ್ಕ ಬಿಡುವುದಿಲ್ಲ ಅಂತ ಹಾಗೆಯೇ ತಿಳಿಯಿತು.

ನನಗೆ ಇನ್ನೂ ಬಗೆಹರಿಯದ್ದು ಎರಡು ಬೀಜ ಕೊಟ್ಟು ಕೂರುವ ಜಾಗ. ಬೇರೆಯವರು ಆರಕ್ಕೆ ಏರಿಸಿದರೆ ನಾನು ಇನ್ನು ನಾಲ್ಕೇ ಹಾಕಬೇಕು. ಆಸೆ ಆಗುತ್ತದೆ. ಆದರೆ ನಡುವಿನ ಎಲೆ ಬಿದ್ದ ಮೇಲೆ, ಒಂದು ಬೀಜ ಕೊಟ್ಟವನೊಬ್ಬನನ್ನು ಬಿಟ್ಟು, ಉಳಿದವರಿಗಿಂತ ಮೊದಲೇ ಮಾತಾಡಬೇಕು. ಪುಸ್ತಕದಲ್ಲಿ ಆ ಜಾಗದ ಪುಟ ಈಗಲೂ ನಷ್ಟದಲ್ಲೇ ಇದೆ. ಬ್ಲೈಂಡಿನದೇ ನಷ್ಟ ಎಷ್ಟು, ನನ್ನ ಆಯ್ಕೆಯ ನಷ್ಟ ಎಷ್ಟು ಅಂತ ಬೇರೆ ಬೇರೆ ಬರೆಯಲು ಈಗ ಶುರು ಮಾಡಿದ್ದೇನೆ. ಎಳ್ಳಮಾವಾಸ್ಯೆಗೆ ಅಳಿಯ ಊರಿಗೆ ಬರುತ್ತಾನೆ. ಹೊಲದಲ್ಲಿ ಭಜ್ಜಿ, ರೊಟ್ಟಿ ಊಟ ಮುಗಿದ ಮೇಲೆ ಆ ಪುಟವನ್ನು ಅವನ ಮುಂದೆ ಇಡಬೇಕು.