ಫುಟ್‌ಪಾತ್ ಅಳೆದು, ಲೆಕ್ಕ ಕಟ್ಟಿ, ಎಂಜಿನಿಯರ್ ಮುಂದಿಡುವುದು ಹೇಗೆ

ಒಡೆದ ಫುಟ್‌ಪಾತಿನ ಫೋಟೊ ತೆಗೆದು ಪಾಲಿಕೆಯ ಆ್ಯಪಿಗೋ 1533 ಸಹಾಯವಾಣಿಗೋ ದೂರು ಕೊಟ್ಟರೆ ಒಂದು ಸ್ಲ್ಯಾಬ್ ಸರಿಹೋಗಬಹುದು. ಇಡೀ ರಸ್ತೆ ಸರಿಹೋಗಬೇಕಾದರೆ ಅದು ಎಂಜಿನಿಯರರ ಅಂದಾಜುಪಟ್ಟಿಗೆ (ಕಾಮಗಾರಿಗೆ ಎಷ್ಟು ಖರ್ಚೆಂಬ ಲೆಕ್ಕಕ್ಕೆ) ಏರಬೇಕು. ಅಂದಾಜುಪಟ್ಟಿ ಕೇಳುವುದು ಫೋಟೊವನ್ನಲ್ಲ, ಉದ್ದ, ಅಗಲ ಮತ್ತು ಎಣಿಕೆಯನ್ನು. ಹತ್ತು ಜನ, ಎರಡು ಭಾನುವಾರ, ಕೈಯಲ್ಲಿ ಮೊಬೈಲು, ಟೇಪು ಇದ್ದರೆ ಈ ಅಂಕಿಗಳನ್ನು ಬಡಾವಣೆಯವರೇ ಹೊಂದಿಸಿಕೊಡಬಹುದು. ಇಲ್ಲಿನ ವಿವರ ಬೆಂಗಳೂರಿನದು. ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ಕ್ರಮ ಇದೇ, ಇಲಾಖೆಗಳ ಹೆಸರು ಬೇರೆ.

ಮೊದಲು ರಸ್ತೆಯನ್ನು ತುಂಡು ಮಾಡಿ

ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗೆ ಒಂದು ತುಂಡು. ಎರಡು ಬದಿಗೂ ಬೇರೆ ಬೇರೆ ಸಂಖ್ಯೆ ಕೊಡಿ. ‘ಎಡ, ಬಲ’ ಎಂದು ಬರೆಯಲೇಬೇಡಿ. ಎದುರುಬದುರು ನಡೆದು ಬರುವ ಇಬ್ಬರಿಗೆ ಎಡ ಒಂದೇ ಆಗುವುದಿಲ್ಲ. ಅರ್ಧ ದಿನದ ಶ್ರಮ ಹಾಳಾಗುವುದು ಇಲ್ಲೇ. ಪೂರ್ವ, ಪಶ್ಚಿಮ ಎನ್ನಿ, ಅದೂ ಗೊಂದಲವಾದರೆ ‘ಶಾಲೆಯ ಬದಿ’, ‘ಪಾರ್ಕಿನ ಬದಿ’ ಎನ್ನಿ.

ತುಂಡಿನ ಸಂಖ್ಯೆಯಲ್ಲಿ ವಾರ್ಡಿನ ನಂಬರು ಸೇರಿಸಬೇಡಿ. ಬೆಂಗಳೂರಿನ ವಾರ್ಡುಗಳು 198 ಇದ್ದವು, 243 ಆದವು, ಮತ್ತೆ 225 ಆದವು, 2025ರಲ್ಲಿ ಐದು ಪಾಲಿಕೆಗಳಾದಾಗ ಗಡಿಗಳೆಲ್ಲ ಇನ್ನೊಮ್ಮೆ ಬದಲಾದವು. ರಸ್ತೆ ಮಾತ್ರ ಇದ್ದಲ್ಲೇ ಇದೆ. ಹಾಗಾಗಿ ರಸ್ತೆಯ ಹೆಸರು, ತುಂಡಿನ ಕ್ರಮಸಂಖ್ಯೆ, ಬದಿ ಇಷ್ಟೇ ಸಾಕು.

ಫಾರಂ

ಸಮೀಕ್ಷೆಯ ಫಾರಂ ಮಾಡಿಕೊಡುವ ಜಾಲತಾಣ ಕೋಬೋಟೂಲ್‌ಬಾಕ್ಸ್‌ನಲ್ಲಿ ಖಾತೆ ತೆರೆದು ಫಾರಂ ಮಾಡಿ. ಅದರ ಆಂಡ್ರಾಯ್ಡ್ ಆ್ಯಪ್ ಕೋಬೋಕಲೆಕ್ಟ್ ನೆಟ್‌ವರ್ಕ್ ಇಲ್ಲದಾಗಲೂ ತುಂಬಿಸಿಕೊಳ್ಳುತ್ತದೆ, ಮನೆಗೆ ಬಂದು ವೈಫೈ ಸಿಕ್ಕಾಗ ಕಳುಹಿಸಬಹುದು. ಪ್ರಶ್ನೆಗಳು ಹನ್ನೆರಡು ಮೀರದಿರಲಿ. ಮೂವತ್ತು ಪ್ರಶ್ನೆಯ ಫಾರಂ ಹಿಡಿದವರು ಎರಡನೇ ಭಾನುವಾರ ಬರುವುದಿಲ್ಲ. ಬೇಕೇಬೇಕಾದವು:

- ತುಂಡಿನ ಸಂಖ್ಯೆ ಮತ್ತು ಬದಿ (ಪಟ್ಟಿಯಿಂದ ಆರಿಸುವಂತಿರಲಿ; ಟೈಪ್ ಮಾಡಲು ಬಿಟ್ಟರೆ ಒಂದೇ ರಸ್ತೆ ಐದು ಕಾಗುಣಿತದಲ್ಲಿ ಬರುತ್ತದೆ)
- ತುಂಡಿನ ಉದ್ದ, ಮೀಟರಿನಲ್ಲಿ
- ಅತಿ ಇಕ್ಕಟ್ಟಾದ ಕಡೆ ನಡೆಯಲು ಸಿಗುವ ಅಗಲ, ಸೆಂಟಿಮೀಟರಿನಲ್ಲಿ
- ಕರ್ಬ್ ಕಲ್ಲಿನ (ಫುಟ್‌ಪಾತಿನ ಅಂಚಿನ ಕಲ್ಲಿನ) ಎತ್ತರ, ಸೆಂಟಿಮೀಟರಿನಲ್ಲಿ
- ಇಲ್ಲದ ಸ್ಲ್ಯಾಬ್ ಎಷ್ಟು, ಒಡೆದದ್ದು ಎಷ್ಟು
- ಅಡ್ಡಿ ಏನು: ಟ್ರಾನ್ಸ್‌ಫಾರ್ಮರ್, ಕಂಬ, ಮರ, ಕೇಬಲ್ ಚೇಂಬರ್, ಮ್ಯಾನ್‌ಹೋಲ್, ಗೇಟಿನ ಮುಂದಿನ ಇಳಿಜಾರು, ನಿಲ್ಲಿಸಿದ ವಾಹನ, ಜಲ್ಲಿ-ಮರಳು
- ಜಿಪಿಎಸ್ ಬಿಂದು, ಎರಡು ಫೋಟೊ

ಅಗಲದ ಪ್ರಶ್ನೆಗೆ ‘ಸೊನ್ನೆ, ಇಲ್ಲವೇ 20ರಿಂದ 600ರೊಳಗೆ’ ಎಂಬ ಮಿತಿ ಹಾಕಿಡಿ. ನಮ್ಮ ಜನಕ್ಕೆ ಅಳತೆ ಎಂದರೆ ಅಡಿ; ಎಷ್ಟು ಹೇಳಿಕೊಟ್ಟರೂ ಒಬ್ಬರಾದರೂ ನಾಲ್ಕಡಿಗೆ ‘4’ ಎಂದು ಬರೆಯುತ್ತಾರೆ. ಈ ಮಿತಿಯಿದ್ದರೆ ಫಾರಂ ಅಲ್ಲೇ ತಡೆಯುತ್ತದೆ. ಇಲ್ಲದಿದ್ದರೆ ಆಮೇಲೆ ಅದು ನಾಲ್ಕಡಿಯೋ ನಾಲ್ಕು ಸೆಂಟಿಮೀಟರೋ ತಿಳಿಯಲು ಮತ್ತೆ ಅಲ್ಲಿಗೇ ಹೋಗಬೇಕು.

ಫೋಟೊಗಳನ್ನು ಫಾರಂನೊಳಗೇ ತೆಗೆಯಿರಿ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಫೋಟೊದಲ್ಲಿ ಜಾಗದ ಮಾಹಿತಿ ಉಳಿಯುವುದಿಲ್ಲ.

ಅಳೆಯುವ ದಿನ

ಮೂವರ ತಂಡ ಸಾಕು: ಇಬ್ಬರು ಟೇಪಿಗೆ, ಅವರಲ್ಲೊಬ್ಬರ ಕೈಯಲ್ಲಿ ಮೊಬೈಲು, ಮೂರನೆಯವರ ಕೆಲಸ ಹಿಂದಿನಿಂದ ಬರುವ ವಾಹನ ನೋಡುವುದೊಂದೇ. 30 ಮೀಟರಿನ ಫೈಬರ್ ಟೇಪು ಉದ್ದಕ್ಕೆ, 5 ಮೀಟರಿನ ಸ್ಟೀಲ್ ಟೇಪು ಅಗಲಕ್ಕೆ, ಗುರುತಿಗೆ ಸೀಮೆಸುಣ್ಣ. ಬೆಳಿಗ್ಗೆ ಏಳಕ್ಕೆ ಶುರುಮಾಡಿ ಹತ್ತಕ್ಕೆ ಮುಗಿಸಿ. ಆದರೆ ಅಂಗಡಿ ಬೀದಿಗೆ ಸಂಜೆ ಇನ್ನೊಮ್ಮೆ ಹೋಗಿಬನ್ನಿ. ಭಾನುವಾರ ಬೆಳಿಗ್ಗೆ ಖಾಲಿಯಿದ್ದ ಫುಟ್‌ಪಾತ್ ಸಂಜೆ ಸ್ಕೂಟರ್ ಸ್ಟ್ಯಾಂಡ್ ಆಗಿರುತ್ತದೆ.

ಅಳೆಯಬೇಕಾದದ್ದು ಗೋಡೆಯಿಂದ ಕರ್ಬಿನವರೆಗಿನ ಅಗಲವಲ್ಲ, ಕಂಬಕ್ಕೂ ಗೋಡೆಗೂ ನಡುವೆ ಕಾಲಿಡಲು ಸಿಗುವ ಜಾಗ. ಪಾದಚಾರಿ ಸೌಲಭ್ಯಗಳಿಗೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಐಆರ್‌ಸಿ 103 ಮಾರ್ಗಸೂಚಿಯ ಪ್ರಕಾರ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ತಲೆಯ ಮೇಲೆ 2.2 ಮೀಟರ್ ತೆರವಿರಬೇಕು, ಕರ್ಬ್ 15 ಸೆಂಟಿಮೀಟರ್ ಮೀರಬಾರದು. ಎಂಜಿನಿಯರರಿಗೆ ಈ ಸಂಖ್ಯೆಗಳು ಗೊತ್ತು. ನಿಮಗೂ ಗೊತ್ತೆಂದು ತಿಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಸ್ಲ್ಯಾಬ್ ಎಣಿಸುವುದಕ್ಕೂ ಕಾರಣವಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತ್ ಎನ್ನುವುದು ಹೆಚ್ಚಾಗಿ ಪಕ್ಕದ ಚರಂಡಿಯ ಮುಚ್ಚಳ. ಹೂಳೆತ್ತಲು ಸ್ಲ್ಯಾಬ್ ಎಬ್ಬಿಸುತ್ತಾರೆ, ಎಬ್ಬಿಸುವಾಗ ಒಂದೆರಡು ಒಡೆಯುತ್ತವೆ, ಉಳಿದವನ್ನು ಓರೆಯಾಗಿ ಇಟ್ಟು ಹೋಗುತ್ತಾರೆ. ಅಂದರೆ ಬಹಳ ಕಡೆ ಫುಟ್‌ಪಾತಿನ ದೂರು ನಿಜಕ್ಕೂ ಚರಂಡಿಯ ದೂರು. ಸ್ಲ್ಯಾಬಿನ ಉದ್ದ, ಅಗಲ, ದಪ್ಪ ಒಮ್ಮೆ ಅಳೆದು ಬರೆದುಕೊಂಡರೆ ಎಷ್ಟು ಹೊಸದು ಬೇಕೆಂಬ ಲೆಕ್ಕ ಸಿದ್ಧ. ಕೆಳಗೆ ಹೂಳು ತುಂಬಿದ್ದರೆ ಅದನ್ನೂ ಬರೆಯಿರಿ. ಹೂಳೆತ್ತದೆ ಸ್ಲ್ಯಾಬ್ ಹಾಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಎಬ್ಬಿಸುತ್ತಾರೆ.

ಮೊಬೈಲಿನ ಜಿಪಿಎಸ್ ತೆರೆದ ಜಾಗದಲ್ಲೂ ಐದು ಮೀಟರ್ ಆಚೀಚೆ ತೋರಿಸುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಸಣ್ಣ ರಸ್ತೆಯಲ್ಲಿ ಬಿಂದು ಎದುರು ಬದಿಗೆ ಬೀಳುವುದು ಸಹಜ. ಬದಿಯನ್ನು ಫಾರಂನಲ್ಲಿ ಕೇಳಬೇಕಾದದ್ದು ಇದಕ್ಕೇ. ಫೋಟೊದಲ್ಲಿ ಟೇಪಿನ ಅಂಕಿ ಕಾಣಲಿ. ಮುಖಗಳೂ ಗಾಡಿ ನಂಬರುಗಳೂ ಬೇಡ.

ತಳ್ಳುಗಾಡಿಯವರ ವಿಷಯದಲ್ಲಿ ಎಚ್ಚರವಿರಲಿ. ಹಣ್ಣು ಮಾರುವವರನ್ನು ‘ಅಡ್ಡಿ’ ಪಟ್ಟಿಗೆ ಸೇರಿಸಿದರೆ ಪಟ್ಟಿಯಲ್ಲಿ ಬೇಗ ತೆರವಾಗುವುದು ಅವರೊಬ್ಬರೇ. ಟ್ರಾನ್ಸ್‌ಫಾರ್ಮರ್ ಅಲ್ಲೇ ಇರುತ್ತದೆ, ಕಾರೂ ಅಲ್ಲೇ ಇರುತ್ತದೆ. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ. ಅವರ ಜಾಗ ತೀರ್ಮಾನಿಸುವುದು ಪಟ್ಟಣ ವ್ಯಾಪಾರ ಸಮಿತಿಯ ಕೆಲಸ, ನಮ್ಮ ಟೇಪಿನದಲ್ಲ.

ನಕ್ಷೆಗೆ ಏರಿಸುವುದು

ಸ್ಥಿರವಾಗಿರುವುದನ್ನು ಮಾತ್ರ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕಿ: ಫುಟ್‌ಪಾತ್ ಇದೆಯೇ, ಅಗಲವೆಷ್ಟು, ದಾಟುವ ಜಾಗ ಎಲ್ಲಿದೆ, ಬಸ್ ನಿಲ್ದಾಣ ಎಲ್ಲಿದೆ. ಕಸದ ರಾಶಿ, ಒಡೆದ ಸ್ಲ್ಯಾಬ್ ನಿಮ್ಮ ಪಟ್ಟಿಯಲ್ಲೇ ಇರಲಿ. ಆಂಡ್ರಾಯ್ಡ್‌ನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಪ್ರಶ್ನೆ ಕೇಳುತ್ತ ತಾನೇ ತುಂಬಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಕೈಯಾರೆ ತುಂಬಿಸುವವರು ಎರಡು ಕಡೆ ಎಡವುತ್ತಾರೆ. ಒಂದು, ಅಲ್ಲಿ ಎಡ-ಬಲ ಎಂಬುದು ರಸ್ತೆಯ ಗೆರೆಯನ್ನು ಮೊದಲು ಯಾವ ದಿಕ್ಕಿಗೆ ಎಳೆದಿದ್ದಾರೋ ಅದರ ಮೇಲೆ ನಿಂತಿದೆ. ಇನ್ನೊಂದು, ಅಗಲ ಅಲ್ಲಿ ಮೀಟರಿನಲ್ಲಿ ಹೋಗಬೇಕು. 120 ಎಂದು ಬರೆದರೆ ನಿಮ್ಮ ಅಡ್ಡರಸ್ತೆಗೆ ನೂರಿಪ್ಪತ್ತು ಮೀಟರಿನ ಫುಟ್‌ಪಾತ್! ರಸ್ತೆಯ ಹೆಸರನ್ನು ಗೂಗಲ್ ಮ್ಯಾಪ್ ನೋಡಿ ಬರೆಯಬೇಡಿ, ಪರವಾನಗಿ ಒಪ್ಪುವುದಿಲ್ಲ. ಬೀದಿಯ ಫಲಕ ನೋಡಿ ಬರೆಯಿರಿ. ಕನ್ನಡ ಹೆಸರಿಗೆ ಬೇರೆಯೇ ಖಾನೆಯಿದೆ, ಅದನ್ನೂ ತುಂಬಿಸಿ.

ಕಚೇರಿಗೆ ಒಯ್ಯುವುದು

ಇಡೀ ವಾರ್ಡಿನ ಇನ್ನೂರು ತುಂಡುಗಳ ಪಟ್ಟಿ ಒಯ್ದರೆ ಅದು ಕಡತದೊಳಗೆ ಮಲಗುತ್ತದೆ. ಶಾಲೆ, ಆಸ್ಪತ್ರೆ ಅಥವಾ ಬಸ್ ನಿಲ್ದಾಣಕ್ಕೆ ಹೋಗುವ ಒಂದೇ ರಸ್ತೆ ಆರಿಸಿ. ಅದರ ತುಂಡುಗಳ ಕೋಷ್ಟಕ ಒಂದು ಹಾಳೆ, ನಕ್ಷೆ ಒಂದು ಎ3 ಹಾಳೆ. ಇದು ಪಾಲಿಕೆಯ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಅವರ ಕೈಗೆ ಹೋಗಬೇಕು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ವಾರ್ಡ್ ಸಮಿತಿ ಸಭೆ ನಡೆಯುವ ಕಡೆ ಅಲ್ಲೂ ಓದಿಸಿ, ನಡಾವಳಿಯಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದು ಮುಂದಿನ ಸಭೆಗೆ ಯಾರಿಗೂ ನೆನಪಿರುವುದಿಲ್ಲ.

ಅಡ್ಡಿಗಳನ್ನು ಇಲಾಖೆವಾರು ಬಿಡಿಸಿ. ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು (ಸಹಾಯವಾಣಿ 1912), ಒಳಚರಂಡಿ ಮ್ಯಾನ್‌ಹೋಲ್ ಜಲಮಂಡಳಿಯದು (1916), ಸ್ಲ್ಯಾಬ್ ಮತ್ತು ಪಕ್ಕದ ಚರಂಡಿ ಪಾಲಿಕೆಯದು. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಮೂವರೂ ಇನ್ನಿಬ್ಬರತ್ತ ಕೈತೋರಿಸುತ್ತಾರೆ. ಹೋಗುವ ಕಾಲ ನವೆಂಬರ್, ಡಿಸೆಂಬರ್. ಏಪ್ರಿಲ್‌ನಿಂದ ಖರ್ಚಾಗುವ ಹಣದ ಕಾಮಗಾರಿ ಪಟ್ಟಿ ಆಗಿನ್ನೂ ತೆರೆದಿರುತ್ತದೆ. ಯುಗಾದಿ ಹೊತ್ತಿಗೆ ಹೋದರೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ.

ಕೆಲಸ ಶುರುವಾದ ಮೇಲೆ

ಕಾರ್ಯಾದೇಶದ (ಗುತ್ತಿಗೆದಾರರಿಗೆ ಕೊಡುವ ಕೆಲಸದ ಆದೇಶದ) ಸಂಖ್ಯೆ ಕೇಳಿಟ್ಟುಕೊಳ್ಳಿ. ಬಿಲ್ ಆಗುವುದು ಎಂಜಿನಿಯರರು ಅಳತೆ ಪುಸ್ತಕದಲ್ಲಿ ಬರೆದ ಲೆಕ್ಕದ ಮೇಲೆ. ಅದಕ್ಕೂ ಮೊದಲೇ ಅದೇ ತುಂಡುಗಳನ್ನು ಅದೇ ಫಾರಂನಲ್ಲಿ ಮತ್ತೆ ಅಳೆಯಿರಿ, ಮೊದಲ ಫೋಟೊ ತೆಗೆದ ಜಾಗದಲ್ಲೇ ನಿಂತು ಫೋಟೊ ತೆಗೆಯಿರಿ. ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ನಮ್ಮ ರಸ್ತೆ ಏಕೆ ಹೀಗಿದೆ’ ಎಂದು ಕೇಳಬೇಡಿ, ಏಕೆ ಎನ್ನುವುದು ದಾಖಲೆಯಲ್ಲ. ‘ಇಂಥ ಸಂಖ್ಯೆಯ ಕಾರ್ಯಾದೇಶದ ಅಳತೆ ಪುಸ್ತಕದ ದೃಢೀಕೃತ ಪ್ರತಿ’ ಎಂದು ಬರೆಯಿರಿ. ಬಂದ ಪ್ರತಿಯಲ್ಲಿ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ. ಹೊಸ ಸ್ಲ್ಯಾಬ್ ಎಷ್ಟೆಂದು ಬರೆದಿದ್ದಾರೆ, ನೀವು ಎಣಿಸಿದ್ದು ಎಷ್ಟು ಎಂಬುದನ್ನು.